ಸೈರಣೆ ಯಾರ ಪಾಲಿಗೆ?

ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗರು ವಿರಳ. ಪರೀಕ್ಷೆಯಲ್ಲಿ ನಪಾಸಾದ ಮಗನಿಗೆ, ಬಡ್ತಿ ತಪ್ಪಿದ ನೌಕರನಿಗೆ, ಅತ್ತೆಮನೆಯಿಂದ ಕಣ್ಣೀರಿಡುತ್ತ ಬಂದ ಮಗಳಿಗೆ, ಎಲ್ಲರಿಗೂ ನಾವು ಕೊಡುವ ಔಷಧ ಇದೊಂದೇ. ಔಷಧವೇನೋ ಒಳ್ಳೆಯದೇ. ಆದರೆ ಯಾವ ರೋಗಕ್ಕೆ ಕೊಡುತ್ತಿದ್ದೇವೆ, ಯಾರು ಯಾರಿಗೆ ಕೊಡುತ್ತಿದ್ದೇವೆ ಎಂಬುದನ್ನು ನೋಡದೆ ಕೊಟ್ಟರೆ ಅದೇ ವಿಷವಾದೀತು ಎಂಬುದು ನಮ್ಮ ಶಂಕೆ. ಈ ಶಂಕೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ, ಕ್ರೈಸ್ತ ಮತದಲ್ಲಿ ಸೈರಣೆಗೆ ಇರುವ ಸ್ಥಾನವನ್ನು ಕುರಿತು ನಾಲ್ಕು ಮಾತು ಬರೆಯಲು ಹೊರಟಿದ್ದೇವೆ. ನಾವು ಆ ಮತದವರಲ್ಲ. ಆದರೆ ಶಿಲುಬೆಯಂಥ ಯಾತನೆಯ ಕುರುಹನ್ನೇ ತನ್ನ ನಡುಮನೆಯಲ್ಲಿ ನಿಲ್ಲಿಸಿಕೊಂಡಿರುವ ಮತವೊಂದು ಕಷ್ಟವನ್ನು ಕುರಿತು ಏನು ಹೇಳುತ್ತದೆ ಎಂದು ತಿಳಿದುಕೊಂಡರೆ ಅನ್ಯರಿಗೂ ನಷ್ಟವಿಲ್ಲ.

ಪೌಲನು ರೋಮಾಪುರದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯದಲ್ಲಿಯೂ ಯಾಕೋಬನ ಪತ್ರದ ಆರಂಭದಲ್ಲಿಯೂ ಈ ವಿಚಾರ ಬರುತ್ತದೆ. ಇಬ್ಬರ ವಾದವೂ ಸ್ಥೂಲವಾಗಿ ಒಂದೇ. ಸಂಕಟ ಬಂತೆಂದು ಎದೆಗುಂದಬಾರದು, ಅದರೊಳಗೆ ನಿಂತವನಿಗೆ ಒಂದು ಬಗೆಯ ಗಟ್ಟಿತನ ಬರುತ್ತದೆ, ಆ ಗಟ್ಟಿತನ ಪಕ್ವವಾಗಬೇಕು ಎಂಬುದು ಅದರ ಸಾರ. ಮೂಲ ಗ್ರೀಕಿನಲ್ಲಿ ಇಲ್ಲಿರುವ ಪದ ‘ಹುಪೊಮೊನೆ’. ಬಿಡಿಸಿ ನೋಡಿದರೆ ‘ಕೆಳಗೆ ಉಳಿಯುವುದು’ ಎಂದಾಗುತ್ತದೆ. ಹೊರೆಯ ಕೆಳಗೆ ಸ್ಥಳ ಬಿಡದೆ ನಿಲ್ಲುವುದು ಎಂದು ನಾವು ಅರ್ಥ ಮಾಡಿಕೊಂಡಿದ್ದೇವೆ. ಸುಮ್ಮನಿರುವುದು ಎಂಬ ಅರ್ಥ ಅದರಲ್ಲಿ ಇಲ್ಲವೆಂಬುದನ್ನು ಓದುಗರು ಗಮನಿಸಬೇಕು. ಹಮಾಲಿಯೂ ಮೂಟೆಯ ಕೆಳಗೆ ನಿಲ್ಲುತ್ತಾನೆ, ಆದರೆ ನಡೆಯುತ್ತಿರುತ್ತಾನೆ.

ಪೇತ್ರನ ಹೆಸರಿನ ಪತ್ರದಲ್ಲಿ ಇದಕ್ಕೆ ಚಿನ್ನದ ಹೋಲಿಕೆ ಇದೆ. ಪುಟಕ್ಕಿಟ್ಟ ಚಿನ್ನ ಎಂಬ ಮಾತು ನಮಗೂ ಹೊಸದಲ್ಲ. ಆದರೆ ವಿಜ್ಞಾನದ ಪದವಿಗೆ ಓದಿದವರಿಗೆ ಒಂದು ಕೆಟ್ಟ ಚಾಳಿ ಇರುತ್ತದೆ, ಹೋಲಿಕೆಯನ್ನು ಕೂಡ ತಕ್ಕಡಿಗೆ ಹಾಕುವುದು. ಬೆಂಕಿಯಲ್ಲಿಟ್ಟ ಮಾತ್ರಕ್ಕೆ ಚಿನ್ನ ಒಂದು ಗುಂಜಿಯಷ್ಟೂ ಹೆಚ್ಚುವುದಿಲ್ಲ. ಕಲಬೆರಕೆ ಬೇರೆಯಾಗಿ, ಮೊದಲೇ ಇದ್ದದ್ದು ಕಾಣಿಸುತ್ತದೆ ಅಷ್ಟೆ. ಹಾಗಾದರೆ ಕಷ್ಟ ಸೈರಣೆಯನ್ನು ಹುಟ್ಟಿಸುತ್ತದೆಯೋ, ಇದ್ದುದನ್ನು ತೋರಿಸುತ್ತದೆಯೋ? ನಮಗೆ ಉಕ್ಕಿನ ಹೋಲಿಕೆ ಹೆಚ್ಚು ಒಪ್ಪುತ್ತದೆ. ಉಕ್ಕನ್ನು ಕೆಂಪಗೆ ಕಾಯಿಸಿ ಥಟ್ಟನೆ ನೀರಿಗೆ ಅದ್ದಿದರೆ ಅದು ಬಹಳ ಗಡುಸಾಗುತ್ತದೆ. ಆದರೆ ಪೆಡಸೂ ಆಗುತ್ತದೆ, ಒಂದು ಏಟಿಗೆ ಗಾಜಿನಂತೆ ಮುರಿಯಬಹುದು. ಅದನ್ನು ಮತ್ತೊಮ್ಮೆ, ಈ ಸಲ ಮಿತವಾದ ಕಾವಿನಲ್ಲಿಟ್ಟು ನಿಧಾನವಾಗಿ ಹದಕ್ಕೆ ತಂದಾಗಲೇ ಅದು ಸ್ಪ್ರಿಂಗಿಗೂ ಕೊಡಲಿಗೂ ಯೋಗ್ಯವಾಗುವುದು. ಮನುಷ್ಯರಲ್ಲಿಯೂ ಮೊದಲನೆಯ ಬೆಂಕಿಯನ್ನು ಮಾತ್ರ ಕಂಡವರು ಬಹಳ ಮಂದಿ ಇದ್ದಾರೆ. ‘ನಾವು ಪಟ್ಟದ್ದರಲ್ಲಿ ಕಾಲುಭಾಗವನ್ನಾದರೂ ನೀವು ಪಟ್ಟಿದ್ದೀರಾ?’ ಎಂದು ಕಿರಿಯರನ್ನು ಗದರಿಸುವ ಹಿರಿಯರು ಪ್ರತಿ ಕಚೇರಿಯಲ್ಲಿಯೂ ಪ್ರತಿ ಮನೆಯಲ್ಲಿಯೂ ಸಿಗುತ್ತಾರೆ. ಅವರು ಗಡುಸಾಗಿದ್ದಾರೆ, ಹದವಾಗಿಲ್ಲ. ಆ ಎರಡನೆಯ ನಿಧಾನದ ಕಾವು ಯಾವುದು ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಇದಕ್ಕೆ ಉದಾಹರಣೆ ಹುಡುಕಿಕೊಂಡು ಕುರಕುಂಭದ ಸುತ್ತಲಿನ ನಾವು ರೋಮಾಪುರಕ್ಕೆ ಹೋಗಬೇಕಾಗಿಲ್ಲ. ಕಾರಖಾನೆಗಳ ಚಿಮಣಿಗಳನ್ನು ಹಿಂದೆ ಬಿಟ್ಟು ಸೋಲಾಪುರ ರಸ್ತೆಯಲ್ಲಿ ಪುಣೆಯ ಕಡೆಗೆ ಹೊರಟು, ಪಾಟಸ್, ವರವಂಡ ದಾಟಿ, ಚೌಫುಲಾದಲ್ಲಿ ಬಲಕ್ಕೆ ಹೊರಳಿದರೆ ಕೇಡಗಾಂವ್ ಸಿಗುತ್ತದೆ. ಎಲ್ಲ ಸೇರಿ ಸುಮಾರು 30 ಕಿಲೋಮೀಟರ್. ಕಲಬುರ್ಗಿಯ ಕಡೆಯಿಂದ ದೌಂಡ್ ಮಾರ್ಗವಾಗಿ ಪುಣೆಗೆ ಬರುವ ನಮ್ಮ ಜನರ ಗಾಡಿಗಳು ಈ ನಿಲ್ದಾಣದ ಮುಂದಿನಿಂದಲೇ ಹಾಯುತ್ತವೆ. ಪಂಡಿತಾ ರಮಾಬಾಯಿಯವರು ಕಟ್ಟಿದ ‘ಮುಕ್ತಿ’ ಸಂಸ್ಥೆ ಇರುವುದು ಇಲ್ಲಿಯೇ. ಇವರನ್ನು ಮಹಾರಾಷ್ಟ್ರದವರೆಂದು ಎಲ್ಲರೂ ಬಲ್ಲರು. ಹುಟ್ಟಿದ್ದು ಮಾತ್ರ 1858ರಲ್ಲಿ, ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವ ನಮ್ಮ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ ಅಪರಾಧಕ್ಕಾಗಿ ಉಡುಪಿಯ ಪಂಡಿತರ ಮುಂದೆ ಶಾಸ್ತ್ರಾಧಾರ ಹಿಡಿದು ವಾದಿಸಬೇಕಾಗಿ ಬಂದವರು. ಮನೆಮಾತು ಮರಾಠಿಯಾದರೂ ಮಗಳಿಗೆ ಕನ್ನಡ ಬರುತ್ತಿತ್ತು.

ಆ ಕುಟುಂಬ ಪುರಾಣ ಹೇಳುತ್ತ ತೀರ್ಥದಿಂದ ತೀರ್ಥಕ್ಕೆ ಅಲೆಯುತ್ತಿದ್ದಾಗ 1870ರ ದಶಕದ ಬರಗಾಲ ಬಂತು. ಇದ್ದ ಹಣ ದಾನಧರ್ಮಕ್ಕೂ ವ್ರತಗಳಿಗೂ ಕರಗಿಹೋಗಿತ್ತು. ಭಿಕ್ಷೆ ಬೇಡಲು ಮನಸ್ಸಿಲ್ಲ, ಕೂಲಿ ಮಾಡಿ ಅಭ್ಯಾಸವಿಲ್ಲ. ಹನ್ನೊಂದು ದಿನ ಕಾಡಿನಲ್ಲಿ ನೀರು, ಎಲೆ, ಒಂದಿಷ್ಟು ಕಾಡು ಖರ್ಜೂರದ ಮೇಲೆ ಬದುಕಿದರೆಂದು ರಮಾಬಾಯಿಯವರೇ ಮುಂದೆ ಬರೆದಿದ್ದಾರೆ. ತಂದೆ ಹೋದರು, ತಾಯಿ ಹೋದರು, ಅಕ್ಕನೂ ಹೋದಳು. ಉಳಿದವರು ಅಣ್ಣ ಶ್ರೀನಿವಾಸ ಮತ್ತು ತಂಗಿ. ಇವರಿಬ್ಬರೂ ಬರಿಗಾಲಲ್ಲಿ ಉತ್ತರದೇಶವನ್ನೆಲ್ಲ ಸುತ್ತಿದರು. ಝೇಲಂ ನದಿಯ ದಂಡೆಯಲ್ಲಿ ಚಳಿ ತಡೆಯಲಾಗದೆ ಗೋರಿಯಂತೆ ಎರಡು ಗುಂಡಿ ತೋಡಿ, ಒಳಗೆ ಮಲಗಿ, ತಲೆಯೊಂದನ್ನು ಬಿಟ್ಟು ಮೈಮೇಲೆ ಒಣ ಮರಳನ್ನು ಎಳೆದುಕೊಂಡು ರಾತ್ರಿ ಕಳೆದದ್ದುಂಟು. ಹದಿಹರೆಯದ ಹುಡುಗಿಯೊಬ್ಬಳ ಅನುಭವ ಇದು.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಈ ಕಷ್ಟದಿಂದ ಅವರ ಶ್ರದ್ಧೆ ಗಟ್ಟಿಯಾಗಲಿಲ್ಲ. ಶಾಸ್ತ್ರ ಹೇಳಿದ್ದನ್ನೆಲ್ಲ ಮಾಡಿ ಮುಗಿಸಿದರೂ ದೇವರು ಕಣ್ಣು ತೆರೆಯಲಿಲ್ಲವೆಂದು ಅಣ್ಣತಂಗಿಯರ ನಂಬಿಕೆ ತಣ್ಣಗಾಗುತ್ತ ಬಂತು. ಕಷ್ಟ ಬಂದರೆ ಭಕ್ತಿ ತಾನಾಗಿ ಬೆಳೆಯುತ್ತದೆ ಎಂದು ಪ್ರವಚನಗಳಲ್ಲಿ ಕೇಳುತ್ತೇವಲ್ಲ, ಅದು ಅನುಭವಕ್ಕೆ ವಿರುದ್ಧವಾದ ಮಾತು. ಹಸಿವು ಹಸಿವನ್ನು ಕಲಿಸುತ್ತದೆ, ಮತ್ತೇನನ್ನೂ ಕಲಿಸುವ ಹೊಣೆ ಅದಕ್ಕಿಲ್ಲ.

1878ರಲ್ಲಿ ಕಲ್ಕತ್ತೆ ತಲುಪಿದಾಗ ಅಲ್ಲಿನ ವಿದ್ವಾಂಸರು ಇಪ್ಪತ್ತರ ಈ ಹೆಣ್ಣಿಗೆ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಬಿಪಿನ್ ಬಿಹಾರಿ ಎಂಬ ಬಂಗಾಳಿ ವಕೀಲರೊಡನೆ ಜಾತಿ ಮೀರಿದ ಮದುವೆ. ಮರುವರ್ಷ ಮಗಳು ಮನೋರಮಾ. 1882ರ ಫೆಬ್ರವರಿಯಲ್ಲಿ ಕಾಲರಾ ಬಂದು ಗಂಡನ ಮರಣ. ಇಪ್ಪತ್ತನಾಲ್ಕು ತುಂಬುವ ಮೊದಲೇ ಒಬ್ಬ ಮನುಷ್ಯಳ ಪಾಲಿಗೆ ಬರಬಹುದಾದದ್ದೆಲ್ಲ ಬಂದು ಮುಗಿದಿತ್ತು ಎನ್ನಬೇಕು.

ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿ, ಹಂಟರ್ ಆಯೋಗದ ಮುಂದೆ ಸ್ತ್ರೀಯರಿಗೆ ವೈದ್ಯಶಿಕ್ಷಣ ಬೇಕೆಂದು ಸಾಕ್ಷ್ಯ ನುಡಿದು, ಸ್ವತಃ ವೈದ್ಯೆಯಾಗಲೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗುತ್ತಿದ್ದುದರಿಂದ ಆ ಆಸೆ ಕೈಗೂಡಲಿಲ್ಲ. ವಾಂಟೇಜ್ ಎಂಬ ಊರಿನ ಕ್ರೈಸ್ತ ಸಂನ್ಯಾಸಿನಿಯರ ಆಶ್ರಯದಲ್ಲಿ ಇದ್ದಾಗ, ಅವರು ಲಂಡನ್ನಿನ ಫುಲಂ ಎಂಬಲ್ಲಿ ನಡೆಸುತ್ತಿದ್ದ ಮನೆಯೊಂದನ್ನು ನೋಡುವ ಪ್ರಸಂಗ ಬಂತು. ದಾರಿ ತಪ್ಪಿದವರೆಂದು ಲೋಕ ದೂಡಿದ ಹೆಂಗಸರನ್ನು ಅಲ್ಲಿ ಮರ್ಯಾದೆಯಿಂದ ಸಾಕಿ ಕೆಲಸ ಕಲಿಸುತ್ತಿದ್ದರು. ಇದಕ್ಕೆ ಪ್ರೇರಣೆ ಏನೆಂದು ಕೇಳಿದಾಗ ಬಾವಿಯ ಬಳಿ ಯೇಸು ಸಮಾರ್ಯದ ಹೆಂಗಸಿನೊಡನೆ ಮಾತನಾಡಿದ ಪ್ರಸಂಗವನ್ನು ಓದಿ ತೋರಿಸಿದರು. 1883ರ ಸೆಪ್ಟೆಂಬರ್ 29ರಂದು ತಾಯಿಮಗಳಿಬ್ಬರಿಗೂ ದೀಕ್ಷಾಸ್ನಾನವಾಯಿತು. ತನ್ನ ಹಸಿವಿಗೆ ಸಿಗದ ಉತ್ತರ ಇನ್ನೊಬ್ಬರ ಗಾಯಕ್ಕೆ ಮದ್ದು ಹಚ್ಚುವ ಕೈಯಲ್ಲಿ ಕಂಡಿತು ಎಂದು ನಾವು ತಿಳಿಯುತ್ತೇವೆ. ಉಕ್ಕಿಗೆ ಹೇಳಿದ ನಿಧಾನದ ಕಾವು ಇಲ್ಲಿಂದ ಆರಂಭವಾದಂತೆ ತೋರುತ್ತದೆ.

ಮತಕ್ಕೆ ಸೇರಿದ ಮೇಲೆ ಸುಖವಾಯಿತೆಂದು ಯಾರಾದರೂ ಭಾವಿಸಿದ್ದರೆ ಅದು ತಪ್ಪು. ಹೊಸ ಪರೀಕ್ಷೆಗಳು ಬಂದದ್ದು ಹೊಸ ಮನೆಯವರಿಂದಲೇ. ತಾಯಿಯಂತಿದ್ದ ಸಿಸ್ಟರ್ ಜೆರಾಲ್ಡಿನ್ ಅವರಿಗೆ ಶಿಷ್ಯೆಯಲ್ಲಿ ವಿಧೇಯತೆ ಸಾಲದೆನಿಸಿತು. ಚೆಲ್ಟನ್‌ಹ್ಯಾಮಿನ ಕಾಲೇಜಿನಲ್ಲಿ ರಮಾಬಾಯಿ ಗಂಡಸರಿಗೂ ಪಾಠ ಹೇಳುವ ಮಾತು ಬಂದಾಗ, ಅದು ಭಾರತದಲ್ಲಿ ತಪ್ಪು ಭಾವನೆ ಹುಟ್ಟಿಸೀತೆಂದು ಇಲ್ಲಿಯ ಬಿಷಪ್ಪರು ಅಡ್ಡಿ ಹೇಳಿದರು. ಧರಿಸುವ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇಕೆ, ಸಂಸ್ಕೃತವೇಕೆ ಆಗಬಾರದು ಎಂದು ಇವರ ಪ್ರಶ್ನೆ. ಒಂದು ಪುರೋಹಿತವರ್ಗದಿಂದ ಬಿಡಿಸಿಕೊಂಡು ಬಂದವಳು ಇನ್ನೊಂದಕ್ಕೆ ಕೊರಳೊಡ್ಡಲಾರೆ ಎಂಬ ನಿಲುವನ್ನು ಪತ್ರಗಳಲ್ಲಿ ಸ್ಪಷ್ಟವಾಗಿಯೇ ತಿಳಿಸಿದರು. ಆದರೆ ಕ್ರಿಸ್ತನನ್ನು ಬಿಡಲಿಲ್ಲ, ಆ ಸಂನ್ಯಾಸಿನಿಯ ಸ್ನೇಹವನ್ನೂ ಕಡಿದುಕೊಳ್ಳಲಿಲ್ಲ. ಸೈರಣೆಯೆಂದರೆ ಬಾಯಿ ಮುಚ್ಚುವುದೆಂದು ತಿಳಿದವರು ಈ ಪತ್ರವ್ಯವಹಾರವನ್ನು ಓದಬೇಕು. ಬೈಬಲಿನ ಯೋಬನ ಕಥೆಯೂ ಹಾಗೆಯೇ ಅಲ್ಲವೆ? ಯೋಬನ ತಾಳ್ಮೆ ಎಂದು ಲೋಕವೆಲ್ಲ ಹೇಳುತ್ತದೆ. ಆದರೆ ಆ ಪುಸ್ತಕದ ಬಹುಭಾಗದಲ್ಲಿ ಅವನು ದೇವರೊಡನೆ ಜಗಳ ಕಾಯುತ್ತಾನೆ. ಕೊನೆಗೆ ದೇವರ ಕೋಪಕ್ಕೆ ಗುರಿಯಾಗುವವರು, ನಿನ್ನ ಪಾಪದ ಫಲ ಇದು, ಅನುಭವಿಸು ಎಂದು ಉಪದೇಶ ಮಾಡಿದ ಗೆಳೆಯರು.

ಅದೇ ಉಪದೇಶವನ್ನು ನಮ್ಮ ಸಮಾಜ ಬಾಲವಿಧವೆಯರಿಗೆ ಮಾಡುತ್ತಿತ್ತು. ಪೂರ್ವಜನ್ಮದ ಕರ್ಮ, ತಲೆ ಬೋಳಿಸಿಕೋ, ಒಪ್ಪೊತ್ತು ಉಣ್ಣು, ತಾಳಿಕೋ. ಹೇಳುವವರು ತಾಳಬೇಕಾದ್ದು ಏನೂ ಇರಲಿಲ್ಲವೆಂಬುದು ಇದರಲ್ಲಿಯ ಸೊಗಸು! ಸೈರಣೆಯ ಹೆಸರಿನಲ್ಲಿ ನಡೆದ ಅನ್ಯಾಯಗಳಲ್ಲಿ ಇದಕ್ಕಿಂತ ದೊಡ್ಡದು ಅಪರೂಪ. ಮರಳಿನ ಗುಂಡಿಯಲ್ಲಿ ಮಲಗಿ ಬಂದಿದ್ದ ರಮಾಬಾಯಿ ‘ನಾನು ತಾಳಿದೆ, ನೀವೂ ತಾಳಿರಿ’ ಎಂದು ಹೇಳಬಹುದಾಗಿತ್ತು. ಹಾಗೆ ಹೇಳದೆ, ಅಮೆರಿಕದಲ್ಲಿ ಸಹಾಯ ಕೂಡಿಸಿ ಬಂದು, 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಬಂತು. ಮುಂದೆ ಅಣ್ಣಾಸಾಹೇಬ ಕರ್ವೆಯವರನ್ನು ಮರುಮದುವೆಯಾದ ಗೋದೂಬಾಯಿ ಅಲ್ಲಿಯ ವಿದ್ಯಾರ್ಥಿನಿ.

1893ರಲ್ಲಿ ಬಿರುಗಾಳಿ ಎದ್ದಿತು. ಸದನದಲ್ಲಿ ಮತಪ್ರಚಾರವಿಲ್ಲವೆಂಬ ಭರವಸೆಯ ಮೇಲೆ ಹುಡುಗಿಯರನ್ನು ಕಳಿಸಿದ್ದರು. ರಮಾಬಾಯಿ ತಮ್ಮ ಕೋಣೆಯ ಬಾಗಿಲು ತೆರೆದಿಟ್ಟು ಪ್ರಾರ್ಥನೆ ಮಾಡುವರು, ಬಂದು ಕುಳಿತ ಹುಡುಗಿಯರನ್ನು ಎಬ್ಬಿಸುತ್ತಿರಲಿಲ್ಲ. ರಾನಡೆ, ಭಾಂಡಾರಕರರಂಥ ಹಿತೈಷಿಗಳು ಸಲಹಾ ಸಮಿತಿಯಿಂದ ಹೊರಬಂದರು, ಕೇಸರಿ ಪತ್ರಿಕೆ ಕಟುವಾಗಿ ಬರೆಯಿತು, ಹಲವರು ತಮ್ಮ ಹೆಣ್ಣುಮಕ್ಕಳನ್ನು ಕರೆದೊಯ್ದರು. ಇದರಲ್ಲಿ ಒಂದೇ ಪಕ್ಷಕ್ಕೆ ನ್ಯಾಯವನ್ನೆಲ್ಲ ಕಟ್ಟಿಕೊಡಲು ನಾವು ಸಿದ್ಧರಿಲ್ಲ. ಪಾಲಕರ ಆತಂಕ ಸಣ್ಣದಾಗಿರಲಿಲ್ಲ. ರಾನಡೆಯವರು ಸಣ್ಣ ಮನಸ್ಸಿನವರೂ ಅಲ್ಲ. ಆದರೆ ಕರೆದೊಯ್ದ ಹುಡುಗಿಯರಲ್ಲಿ ಎಷ್ಟು ಮಂದಿಗೆ ಮತ್ತೆ ಪಾಟಿ ಪುಸ್ತಕ ಸಿಕ್ಕಿತು ಎಂದು ಯಾವ ಪತ್ರಿಕೆಯೂ ಹಿಂದೆ ಬಿದ್ದು ವಿಚಾರಿಸಿದಂತೆ ಕಾಣೆವು. ಉಳಿದವರನ್ನು ಇಟ್ಟುಕೊಂಡು ರಮಾಬಾಯಿ ಶಾಲೆಯನ್ನು ನಡೆಸಿದರು.

1896-97ರಲ್ಲಿ ಮಧ್ಯಪ್ರಾಂತದಲ್ಲಿ ಬರ. ಇದು ಅವರು ಬಲ್ಲ ಶತ್ರು. ಅಲ್ಲಿಗೆ ಹೋಗಿ ಹಸಿದ ಹೆಣ್ಣುಮಕ್ಕಳನ್ನು ತಂಡತಂಡವಾಗಿ ಕರೆತಂದರು. ಅದೇ ಕಾಲಕ್ಕೆ ಪುಣೆಯಲ್ಲಿ ಪ್ಲೇಗು; ಹೊಸಬರನ್ನು ಊರೊಳಗೆ ಇಡಲು ಸರಕಾರ ಬಿಡಲಿಲ್ಲ. ಕೇಡಗಾಂವಿನಲ್ಲಿ ಮೊದಲೇ ಕೊಂಡಿದ್ದ ಸುಮಾರು 100 ಎಕರೆ ಬಯಲಿಗೆ ಎಲ್ಲರನ್ನೂ ಸಾಗಿಸಿದರು. ಮುಕ್ತಿ ಹುಟ್ಟಿದ್ದು ಹೀಗೆ. ಈ ಕಡೆಯ ನೆಲವನ್ನು ಬಲ್ಲವರಿಗೆ ಇದರ ಅರ್ಥ ತಿಳಿಯುತ್ತದೆ. ಇಂದು ಕಾಲುವೆಯ ನೀರಿನಿಂದ ದೌಂಡ್ ತಾಲೂಕಿನಲ್ಲಿ ಕಬ್ಬು ಕಾಣುತ್ತದೆ ನಿಜ. ಕುರಕುಂಭದ ಕಡೆಗೆ ಬಂದಂತೆ ಕಲ್ಲು, ಜಾಲಿ, ಒಣ ಗಾಳಿಯೇ ಹೆಚ್ಚು. ಅಂಥ ಬಯಲಿನಲ್ಲಿ ಬಾವಿ ತೋಡಿಸಿ, ಎಣ್ಣೆಗಾಣ, ಮಗ್ಗ, ಹೈನು, ಮುದ್ರಣಾಲಯ ಎಂದು ಒಂದೊಂದನ್ನೇ ನಿಲ್ಲಿಸಿ, 1900ರ ಹೊತ್ತಿಗೆ 1500 ಮಂದಿಗೆ ಎರಡು ಹೊತ್ತು ಅನ್ನ ಕಾಣಿಸಬೇಕಾಗಿತ್ತು. ಗುಜರಾತಿನ ಬರದಿಂದ ಬಂದವರೂ ಇದರಲ್ಲಿ ಸೇರಿದರು. ನಾವು ಕಡತ ಸಾಗಿಸಿ ಬದುಕುವವರು. ಕಾಗದದ ಮೇಲೆ 1500 ಎಂದು ಬರೆಯುವುದು ಎಷ್ಟು ಸುಲಭವೆಂದು ಬಲ್ಲೆವು. ಅದನ್ನು ದಿನಕ್ಕೆ ಎಷ್ಟು ಹಿಟ್ಟು, ಎಷ್ಟು ಸೌದೆ, ಎಷ್ಟು ಕೊಡ ನೀರು, ಎಷ್ಟು ಜನರ ಕಜ್ಜಿಗೆ ಔಷಧ ಎಂದು ಲೆಕ್ಕ ಹಾಕಿದಾಗ ಆ ಹೆಂಗಸಿನ ಸೈರಣೆ ಯಾವುದರಿಂದ ಆಗಿತ್ತೆಂದು ಕಾಣುತ್ತದೆ. ಪ್ರಾರ್ಥನೆಯನ್ನು ನಾವು ಅಲ್ಲಗಳೆಯುವುದಿಲ್ಲ. 1905ರಲ್ಲಿ ಅಲ್ಲಿ ನಡೆದ ಭಕ್ತಿಯ ಉಕ್ಕಂದವನ್ನು ಕ್ರೈಸ್ತ ಲೋಕವೇ ಗುರುತಿಸಿದೆ. ಆದರೆ ಪ್ರಾರ್ಥನೆ ಮುಗಿದ ಮೇಲೆ ಬೀಸುವ ಕಲ್ಲು ತಿರುಗಲೇಬೇಕಾಗಿತ್ತು.

ಪ್ಲೇಗಿನ ದಿನಗಳ ಇನ್ನೊಂದು ಸಂಗತಿಯನ್ನು ಭಕ್ತಿಯಿಂದ ಬರೆಯುವವರು ಸಾಮಾನ್ಯವಾಗಿ ಎತ್ತುವುದಿಲ್ಲ. ಪುಣೆಯ ಪ್ಲೇಗು ಆಸ್ಪತ್ರೆಯಲ್ಲಿ ಹೆಂಗಸರ ಮಾನಕ್ಕೆ ರಕ್ಷಣೆ ಇಲ್ಲವೆಂದು 1897ರಲ್ಲಿ ರಮಾಬಾಯಿ ‘ಬಾಂಬೆ ಗಾರ್ಡಿಯನ್’ ಪತ್ರಿಕೆಗೆ ಬಹಿರಂಗವಾಗಿ ಬರೆದರು. ಆಳುವವರು ಕ್ರೈಸ್ತರು, ತಾವೂ ಕ್ರೈಸ್ತರು, ಹಣ ಬರುತ್ತಿದ್ದುದು ಕ್ರೈಸ್ತ ದೇಶಗಳಿಂದ. ಸುಮ್ಮನಿದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಹಿಂದೆ ತಮ್ಮನ್ನೇ ಬೈದ ಪತ್ರಿಕೆಗಳಿಗೆ ಅವರು ಇಷ್ಟು ಖಾರವಾದ ಉತ್ತರ ಬರೆದದ್ದನ್ನು ನಾವು ಓದಿಲ್ಲ. ತಮ್ಮ ಮೈಮೇಲೆ ಬಂದದ್ದನ್ನು ಹೊತ್ತರು. ಹುಡುಗಿಯರ ಮೈಮೇಲೆ ಬಂದದ್ದನ್ನು ಹೊರಲು ಒಪ್ಪಲಿಲ್ಲ. ಪೌಲನ ಪತ್ರವನ್ನು ಹಿಡಿದು ‘ತಾಳಿರಿ’ ಎನ್ನುವ ಉಪದೇಶಕರಾಗಲಿ ಗಾದೆ ಹಿಡಿದು ಅದನ್ನೇ ಹೇಳುವ ನಾವಾಗಲಿ ಮರೆಯುವುದು ಈ ವ್ಯತ್ಯಾಸವನ್ನೇ. ಪೌಲನು ಅದನ್ನು ಬರೆದದ್ದು ಸ್ವತಃ ಏಟು ತಿನ್ನುತ್ತಿದ್ದವನಾಗಿ. ಏಟು ಕೊಡುವವರ ಪರವಾಗಿ ಅಲ್ಲ.

ಕೆಲವರು ಕೇಳಬಹುದು, ಇಷ್ಟೆಲ್ಲ ಆ ಮತದ ಗುಣವೋ, ಆ ವ್ಯಕ್ತಿಯ ಗುಣವೋ ಎಂದು. ನ್ಯಾಯವಾದ ಪ್ರಶ್ನೆಯೇ. ಕಾಡಿನಲ್ಲಿ ಗುಡಿಸಲು ಕಟ್ಟಿ ಹೆಂಡತಿಗೆ ಸಂಸ್ಕೃತ ಕಲಿಸಿದ ಅನಂತಶಾಸ್ತ್ರಿಗಳ ಹಟ ಮಗಳಲ್ಲಿ ಇಳಿದಿರಲಿಲ್ಲ ಎಂದು ಯಾರು ಹೇಳಬಲ್ಲರು? ತಾಯಿ ಲಕ್ಷ್ಮೀಬಾಯಿಯವರ ಪಾಠದಿಂದಲೇ ಈಕೆ ಪಂಡಿತೆಯಾದದ್ದು. ರಮಾಬಾಯಿ ತಂದೆತಾಯಿಗಳ ಮತವನ್ನು ಬಿಟ್ಟರೂ ಅವರನ್ನು ಹಗುರವಾಗಿ ಕಾಣಲಿಲ್ಲ. ಒಂದು ಮತ ಒಂದೇ ಏಟಿಗೆ ಮನುಷ್ಯನನ್ನು ಮಾಡಿಬಿಡುತ್ತದೆ ಎಂಬುದನ್ನು ನಾವು ನಂಬುವುದಿಲ್ಲ. ಆದರೆ ಕಷ್ಟಪಡುವ ಮನುಷ್ಯನೊಡನೆ ದೇವರೂ ಕಷ್ಟಪಟ್ಟಿದ್ದಾನೆ ಎಂಬ ಭಾವನೆ, ಝೇಲಂ ದಂಡೆಯಲ್ಲಿ ಆ ಹುಡುಗಿಗೆ ಇಲ್ಲದಿದ್ದದ್ದು, ಕೇಡಗಾಂವಿನಲ್ಲಿ ಇತ್ತು. ಕಷ್ಟದ ಅಳತೆ ಎರಡು ಕಡೆಯೂ ದೊಡ್ಡದೇ. ಮೊದಲನೆಯದು ನಂಬಿಕೆಯನ್ನು ತಣ್ಣಗಾಗಿಸಿತು, ಎರಡನೆಯದು ಹಾಗೆ ಮಾಡಲಿಲ್ಲ.

ವಯಸ್ಸು ನಲವತ್ತು ದಾಟಿದ ಮೇಲೆ ಅವರು ಕೈಗೊಂಡ ಕೆಲಸವೊಂದಿದೆ. ಆಗ ಇದ್ದ ಮರಾಠಿ ಬೈಬಲಿನ ಭಾಷೆ ಹಳ್ಳಿಯ ಹೆಂಗಸರಿಗೆ ಕಠಿಣವೆಂದು ಅವರಿಗೆ ಅನ್ನಿಸಿತ್ತು. ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಕಲಿತು, ಮೂಲದಿಂದಲೇ ಸರಳ ಮರಾಠಿಗೆ ತರಲು ಕುಳಿತರು. ಸುಮಾರು 18 ವರ್ಷ ಹಿಡಿಯಿತು. ಕಿವಿ ಪೂರ್ತಿ ಕೆಟ್ಟಂತೆಯೇ ಆಗಿತ್ತು. ನಮ್ಮಲ್ಲಿ ಯಾರಾದರೂ ಇಲಾಖಾ ಪರೀಕ್ಷೆಗೆಂದು ಈ ವಯಸ್ಸಿನಲ್ಲಿ ಹೊಸದೊಂದು ನಿಯಮಾವಳಿಯನ್ನು ಓದಲು ಕುಳಿತಿದ್ದರೆ ಅಂಥವರಿಗೆ ಇದರ ಬೆಲೆಯನ್ನು ಹೇಳಬೇಕಾಗಿಲ್ಲ.

ಮಗಳು ಮನೋರಮಾ ತಾಯಿಗೆ ಬಲಗೈಯಾಗಿದ್ದಳು. ಕುರುಡರಿಗೆ ಬ್ರೈಲ್ ಕಲಿಸುವ ಶಿಕ್ಷಣ ಪಡೆದು ಬಂದು ಮುಕ್ತಿಯಲ್ಲಿ ಅದನ್ನು ಆರಂಭಿಸಿದವಳು ಅವಳೇ. ಆಗ ನಿಜಾಮರ ಸೀಮೆಯಲ್ಲಿದ್ದ ನಮ್ಮ ಗುಲ್ಬರ್ಗಾದಲ್ಲಿ 1910ರ ದಶಕದ ಮೊದಲ ವರ್ಷಗಳಲ್ಲಿ ಶಾಲೆಯೊಂದನ್ನು ತೆರೆದವಳೂ ಅವಳೇ. ಅಲ್ಲಿಯ ಎಷ್ಟು ಜನಕ್ಕೆ ಇದು ನೆನಪಿದೆಯೋ! ತಾಯಿಯ ನಂತರ ಎಲ್ಲವನ್ನೂ ವಹಿಸಿಕೊಳ್ಳಬೇಕಾದ ಆ ಮಗಳು 1921ರ ಜುಲೈಯಲ್ಲಿ, ನಲವತ್ತರ ವಯಸ್ಸಿನಲ್ಲಿ, ತಾಯಿಗಿಂತ ಮೊದಲೇ ಹೋದಳು.

ಬರದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡಾಗ ಆದದ್ದಕ್ಕಿಂತ ಈ ಪೆಟ್ಟು ಸಣ್ಣದಾಗಿತ್ತೆಂದು ಹೇಳಲು ಬಾರದು. ರಮಾಬಾಯಿಯವರಿಗೆ ಆಗ ಅರವತ್ತಮೂರು. ಸಂಸ್ಥೆಯನ್ನು ಬೇರೆಯವರ ಕೈಗೆ ಒಪ್ಪಿಸುವ ಏರ್ಪಾಡು ಮಾಡಬೇಕಾಗಿತ್ತು, ಬೈಬಲಿನ ಕರಡಚ್ಚುಗಳು ಮೇಜಿನ ಮೇಲಿದ್ದವು. ಎರಡನ್ನೂ ಮಾಡುತ್ತ ಒಂಬತ್ತು ತಿಂಗಳು ಕಳೆದರು. 1922ರ ಏಪ್ರಿಲ್ 5ರಂದು ಕೇಡಗಾಂವಿನಲ್ಲಿ ತೀರಿಕೊಂಡರು. ಪೂರ್ತಿ ಮರಾಠಿ ಬೈಬಲ್ ಅಚ್ಚಾಗಿ ಹೊರಬಂದದ್ದು 1924ರಲ್ಲಿ, ಮುಕ್ತಿಯ ಮುದ್ರಣಾಲಯದಿಂದಲೇ. ಅಲ್ಲಿ ಮೊಳೆ ಜೋಡಿಸಿ ಯಂತ್ರ ನಡೆಸಿದವರು ಮುಕ್ತಿಯಲ್ಲಿ ಅಕ್ಷರ ಕಲಿತ ಹೆಣ್ಣುಮಕ್ಕಳು.